ಅಗ್ಗದ ಬಾಡಿಗೆ, ಸೋರುವ ಸೂರು: ಹಳೇ ಪೂರ್ವ ಜರ್ಮನಿಯಲ್ಲಿ ಮಾವನ ಜೊತೆ

ಎರಡನೇ ಮಹಾಯುದ್ಧದ ನಂತರ ಸೋವಿಯತ್ ಪಾಲಿಗೆ ಹೋಗಿ ಕಮ್ಯುನಿಸ್ಟ್ ದೇಶವಾಗಿದ್ದ ಪೂರ್ವ ಜರ್ಮನಿಯಲ್ಲಿ ಜನ ಯಾಕೆ ಬಡವರಾಗಿಯೇ ಉಳಿದರು, ಮನೆಗಳು ಯಾಕೆ ಹಾಳಾದವು? ನಮ್ಮ ಕಾರು ಬರ್ಲಿನ್ ಬಿಡುವ ಮೊದಲೇ ಇದಕ್ಕೆ ಎರಡು ಉತ್ತರ ಸಿದ್ಧವಾಗಿದ್ದವು. ಒಂದು ನನ್ನ ಮಾವನದ್ದು. ಅವರು ಗದಗಿನವರು, ಬ್ಯಾಂಕಿನಲ್ಲಿ ನಿವೃತ್ತಿ ಆಗುವವರೆಗೂ ಯೂನಿಯನ್ ಬಿಡದವರು. ಮೂರು ತಿಂಗಳ ವೀಸಾ ಮೇಲೆ ಮಗಳ ಮನೆಗೆ ಬಂದಿದ್ದಾರೆ. ಇನ್ನೊಂದು ಉತ್ತರ ಲೈಪ್‌ಜಿಗ್‌ನಲ್ಲಿರುವ ಪುತ್ತೂರಿನ ಗೆಳೆಯನದ್ದು. ಅವನು ಲೆಕ್ಕಪತ್ರದ ಮನುಷ್ಯ. ಕಾರು ಅವನದೇ ಆಗಿದ್ದರಿಂದ ವಾದದಲ್ಲೂ ಸ್ವಲ್ಪ ಹಿಡಿತ ಅವನದೇ ಇತ್ತು.

ಮಾವನ ವಾದ ಸರಳ. ಯುದ್ಧ ಸೋತಿದ್ದು ಇಡೀ ಜರ್ಮನಿ, ದಂಡ ಕಟ್ಟಿದ್ದು ಪೂರ್ವದ ಭಾಗ. ಗೆಳೆಯನದ್ದು ಇನ್ನೂ ಸರಳ. ಬಾಡಿಗೆಯಿಂದ ಸುಣ್ಣಬಣ್ಣದ ಖರ್ಚೂ ಹುಟ್ಟದಿದ್ದರೆ ಯಾವ ಮನೆಯೂ ನಿಲ್ಲಲ್ಲ. ನಾನು ಹಿಂದಿನ ಸೀಟು. ನನ್ನ ಕೆಲಸ ಮ್ಯಾಪ್ ನೋಡುವುದು, ಮಾವನಿಗೆ ಬಿಸಿನೀರಿನ ಫ್ಲಾಸ್ಕ್ ಕೊಡುವುದು.

ಭಾನುವಾರ, ಬರ್ಲಿನ್

ಬೆಳಿಗ್ಗೆ ಕಾರ್ಲ್-ಮಾರ್ಕ್ಸ್-ಆಲೀ. 1961ರ ತನಕ ಇದರ ಹೆಸರು ಸ್ಟಾಲಿನ್‌ಆಲೀ. ಎರಡು ಕಿಲೋಮೀಟರಿಗೂ ಉದ್ದದ ರಸ್ತೆ, ಎರಡೂ ಕಡೆ ಅರಮನೆಯಂಥ ಮನೆಗಳು. ಬಾಂಬ್ ಬಿದ್ದು ಕಲ್ಲುಗುಡ್ಡೆಯಾಗಿದ್ದ ಜಾಗದಲ್ಲಿ 1950ರ ದಶಕದ ಆರಂಭದಲ್ಲಿ ಕಟ್ಟಿದ್ದು. ಒಳಗೆ ಲಿಫ್ಟ್, ಬಿಸಿನೀರು, ಸೆಂಟ್ರಲ್ ಹೀಟಿಂಗ್. ಅವಶೇಷ ಎತ್ತಲು ಇಷ್ಟು ಗಂಟೆ ಕೆಲಸ ಮಾಡಿದವರಿಗೆ ಮನೆಯ ಲಾಟರಿಯಲ್ಲಿ ಸೇರುವ ಅವಕಾಶ ಇತ್ತು.

"ಕೂಲಿ ಮಾಡೋರಿಗೆ ಇಂಥಾ ಮನಿ! ಎಲ್ಲರ ಕಂಡೀರೇನ್ರೀ?" ಅಂತ ಮಾವ ಕತ್ತೆತ್ತಿ ನೋಡುತ್ತಾ ನಿಂತರು.

"ಇದೇ ರಸ್ತೆಯ ಕಟ್ಟಡ ಕೆಲಸದವರು ತಾನೇ ಅಂಕಲ್, 1953 ಜೂನ್ 16ಕ್ಕೆ ಕೆಲಸ ಬಿಟ್ಟು ಬೀದಿಗೆ ಇಳಿದದ್ದು?" ಅಂದ ಗೆಳೆಯ.

ಅದೂ ನಿಜವೇ. ಅದೇ ಸಂಬಳಕ್ಕೆ ಶೇ. 10ರಷ್ಟು ಹೆಚ್ಚು ಕೆಲಸ ಮಾಡಬೇಕು ಅಂತ ಸರ್ಕಾರ ಹೇಳಿತ್ತು. ಮರುದಿನ ದೇಶದ ನೂರಾರು ಊರುಗಳಲ್ಲಿ ಮುಷ್ಕರ. ಸೋವಿಯತ್ ಟ್ಯಾಂಕ್‌ಗಳು ಬಂದವು. ಕನಿಷ್ಠ 50 ಜನ ಸತ್ತರು. ಯೂನಿಯನ್ ಮನುಷ್ಯನಾದ ಮಾವನಿಗೆ ಈ ಕಥೆ ಚೆನ್ನಾಗಿ ಗೊತ್ತು. "ಅದು ತಪ್ಪು. ತಪ್ಪಿಗೆ ತಪ್ಪು ಅಂತೀನಿ" ಅಂದು ಮುಂದೆ ನಡೆದರು.

ಮೊಸಾಯಿಕ್, ಹೆಂಚು, ಕಂಬ ಎಲ್ಲ ಇಟ್ಟು ಹೀಗೆ ಕಟ್ಟುತ್ತಾ ಹೋದರೆ ಎಷ್ಟು ಜನಕ್ಕೆ ಮನೆ ಕೊಡಲು ಆಗುತ್ತದೆ? 1954ರ ಕೊನೆಗೆ ಮಾಸ್ಕೋದಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಈ ಅಲಂಕಾರವೆಲ್ಲ ಸಾಕು ಅಂದರು. ಕಾರ್ಖಾನೆಯಲ್ಲಿ ಗೋಡೆ ಎರಕ ಹೊಯ್ಯಿರಿ, ಕ್ರೇನ್‌ನಲ್ಲಿ ಎತ್ತಿ ಜೋಡಿಸಿ. ಪೂರ್ವ ಜರ್ಮನಿ ಇದನ್ನು ಶ್ರದ್ಧೆಯಿಂದ ಪಾಲಿಸಿತು. ಅದರ ಫಲ ನೋಡಲು ಮಧ್ಯಾಹ್ನ ಊರ ಪೂರ್ವದ ತುದಿಯ ಹೆಲ್ಲರ್ಸ್‌ಡೋರ್ಫ್‌ಗೆ ಹೋದೆವು.

ಅಲ್ಲಿ ಒಂದು ಫ್ಲಾಟನ್ನು ಹಾಗೇ ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. 1986ರಲ್ಲಿ ಕಟ್ಟಿದ್ದು, 61 ಚದರ ಮೀಟರ್, ಮೂರು ಕೋಣೆ. ಗೋಡೆ ತುಂಬಾ ಒಂದೇ ಕಪಾಟು, ಅಡುಗೆಮನೆಯಿಂದ ಹಾಲ್‌ಗೆ ತಟ್ಟೆ ಕೊಡಲು ಒಂದು ಕಿಂಡಿ, ಕಂದು ಬಣ್ಣದ ಸೋಫಾ. ತಿಂಗಳ ಬಾಡಿಗೆ 109 ಮಾರ್ಕ್. ಆಗ ಸರಾಸರಿ ಸಂಬಳ 1,000 ಮಾರ್ಕ್‌ಗಿಂತ ಜಾಸ್ತಿ. ಮಾವ ಬಚ್ಚಲಿನ ನಲ್ಲಿ ತಿರುಗಿಸಿ ನೋಡಲು ಹೋಗಿ ತೋರಿಸುವಾಕೆಯಿಂದ ನಯವಾಗಿ ಬೈಸಿಕೊಂಡರು.

ಆಕೆ ಹೇಳಿದ ಒಂದು ವಿಷಯ ನನಗೆ ಬಹಳ ಹಿಡಿಸಿತು. ಈ ಕಟ್ಟಡಗಳಿಗೆ ದೊಡ್ಡ ಸ್ಥಾವರದಿಂದ ಕೊಳವೆಯಲ್ಲಿ ಶಾಖ ಬರುತ್ತಿತ್ತು. ಬಿಲ್ಲು ಬಾಡಿಗೆಯಲ್ಲೇ ಸೇರಿದ್ದು. ಎಷ್ಟೋ ಮನೆಗಳ ರೇಡಿಯೇಟರಿಗೆ ಕಡಿಮೆ ಮಾಡುವ ತಿರುಗಣೆಯೇ ಇರಲಿಲ್ಲ. ಸೆಕೆ ಆದರೆ ಜನವರಿಯಲ್ಲೂ ಕಿಟಕಿ ತೆಗೆಯುವುದು, ಅಷ್ಟೇ ಉಪಾಯ. ಅದಕ್ಕಾಗಿ ಲೌಸಿಟ್ಸ್ ಸೀಮೆಯಲ್ಲಿ ಊರಿಗೆ ಊರೇ ಅಗೆದು ಕಂದು ಕಲ್ಲಿದ್ದಲು ತೆಗೆಯುತ್ತಿದ್ದರು.

"ನೋಡಿ ಅಂಕಲ್, ಪುಕ್ಕಟೆ ಅಂದ್ರೆ ಹೀಗೆ ಆಗ್ತದೆ" ಅಂತ ಗೆಳೆಯ ಶುರು ಮಾಡಿದ.

"ತಮ್ಮಾ, ನಿನ್ನ ಬಾಡಿಗಿ ಎಷ್ಟು?"

ಗೆಳೆಯ ಹೇಳಿದ. ಸಂಬಳದ ಮೂರನೇ ಒಂದು ಭಾಗದ ಹತ್ತಿರ. ಮಾವ ಮುಂದೆ ಏನೂ ಕೇಳದೆ ಆ ಕಂದು ಸೋಫಾದ ಕಡೆ ಕೈ ತೋರಿಸಿದರು. ಇಲ್ಲಿ ನಾನೂ ಮಾವನ ಪಕ್ಷವೇ. ಈಗಿನ ಬರ್ಲಿನ್‌ನಲ್ಲಿ ಬಾಡಿಗೆ ಮನೆ ನೋಡಲು ಮೆಟ್ಟಿಲಿನಿಂದ ಫುಟ್‌ಪಾತ್‌ವರೆಗೆ ಜನ ನಿಂತಿರುತ್ತಾರೆ, ಕೈಯಲ್ಲಿ ಸಂಬಳದ ಚೀಟಿ ಹಿಡಿದು. 2021ರಲ್ಲಿ ದೊಡ್ಡ ಬಾಡಿಗೆ ಕಂಪನಿಗಳ ಮನೆಗಳನ್ನು ಸರ್ಕಾರ ವಶಪಡಿಸಿಕೊಳ್ಳಲಿ ಅಂತ ಊರಿನಲ್ಲಿ ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೇಳಿದರು. ಅದು ಇನ್ನೂ ಕಾಗದದಲ್ಲೇ ಇದೆ. ಆದರೆ ಹಾಗೆ ಮತ ಹಾಕಿದವರೆಲ್ಲ ಪೂರ್ವ ಜರ್ಮನಿಯನ್ನು ಆಳಿದ ಹೋನೆಕರ್ ಅಭಿಮಾನಿಗಳಲ್ಲ, ಬಾಡಿಗೆ ಕಟ್ಟಿ ಸುಸ್ತಾದವರು.

ಸೋಮವಾರ, ಐಸೆನ್‌ಹ್ಯೂಟೆನ್‌ಸ್ಟಾಟ್

ಪೋಲೆಂಡ್ ಗಡಿಯ ಹತ್ತಿರ, ಓಡರ್ ನದಿಯ ಬದಿ. 1950ರಲ್ಲಿ ಉಕ್ಕಿನ ಕಾರ್ಖಾನೆಗೆಂದೇ ಶುರುವಾದ ಊರು. ಸ್ವಲ್ಪ ಕಾಲ ಇದರ ಹೆಸರು ಸ್ಟಾಲಿನ್‌ಸ್ಟಾಟ್. ಅದಿರು ಉಕ್ರೇನ್‌ನಿಂದ, ಕೋಕ್ ಪೋಲೆಂಡ್‌ನಿಂದ. ಅದಿರೂ ಇಲ್ಲದ, ಕಲ್ಲಿದ್ದಲೂ ಇಲ್ಲದ ಕಡೆ ಕುಲುಮೆ ಯಾಕೆ ಹಾಕಿದರು? ರೂರ್ ಸೀಮೆಯ ಗಣಿ, ಉಕ್ಕು ಎಲ್ಲ ಪಶ್ಚಿಮದ ಪಾಲಿಗೆ ಹೋಗಿತ್ತು. ಶೀತಲ ಸಮರ ಶುರುವಾದ ಮೇಲೆ ಅಲ್ಲಿಂದ ಉಕ್ಕು ಸಿಗುವ ಭರವಸೆ ಇರಲಿಲ್ಲ.

ಮಾವನಿಗೆ ಬೇಕಾಗಿದ್ದ ಜಾಗ ಇದು. ಮರಗಳ ನಡುವೆ ಅಂಗಳಗಳು, ಅಂಗಳದ ಸುತ್ತ ಮೂರು ನಾಲ್ಕು ಮಹಡಿಯ ಮನೆಗಳು. ಶಿಶುವಿಹಾರ, ಅಂಗಡಿ, ಆಸ್ಪತ್ರೆ ಎಲ್ಲ ನಡೆದು ಹೋಗುವಷ್ಟೇ ದೂರ. ಬೆಂಚಿನ ಮೇಲೆ ಕೂತು ಅವರು ತಮ್ಮ ಭಾಷಣ ಮಾಡಿದರು. ಅದರ ಸಾರ ಇಷ್ಟು.

ಯುದ್ಧ ಮುಗಿದ ಮೇಲೆ ಸೋವಿಯತ್ ಸೇನೆ ತನ್ನ ಪಾಲಿಗೆ ಬಂದ ಸೀಮೆಯಿಂದ ಕಾರ್ಖಾನೆಗಳನ್ನು ಬಿಚ್ಚಿ ರೈಲಿಗೆ ಹಾಕಿಕೊಂಡು ಹೋಯಿತು. ಜೋಡಿ ಹಳಿ ಇದ್ದ ಕಡೆ ಒಂದನ್ನು ಕಿತ್ತುಕೊಂಡು ಹೋದರು. ಉಳಿದ ಕಾರ್ಖಾನೆಗಳು ಹುಟ್ಟಿಸಿದ ಸರಕಲ್ಲೂ ಪಾಲು. ಇದು 1953ರ ಕೊನೆವರೆಗೂ ನಡೆಯಿತು. ಅದೇ ಹೊತ್ತಿಗೆ ಪಶ್ಚಿಮ ಜರ್ಮನಿಗೆ ಅಮೆರಿಕದ ಮಾರ್ಷಲ್ ಯೋಜನೆಯ ದುಡ್ಡು ಬಂತು. ಹಾಗಂತ ರಷ್ಯನ್ನರನ್ನು ಬೈಯಲೂ ಆಗಲ್ಲ. ಅವರ ದೇಶವನ್ನು ಜರ್ಮನ್ನರು ಸುಟ್ಟಿದ್ದು ಕಡಿಮೆಯೇ? "ಓಟದಾಗ ಒಬ್ಬನ ಕಾಲಿಗೆ ಕಲ್ಲು ಕಟ್ಟಿ, ಆಮ್ಯಾಲೆ ನಿನ್ನ ಸಿದ್ಧಾಂತ ಸರಿ ಇಲ್ಲ ಅಂದ್ರ ಹೆಂಗ್ರೀ?"

ಗೆಳೆಯ ಇದನ್ನು ಒಪ್ಪಿದ. ನನಗೆ ಆಶ್ಚರ್ಯವಾಯಿತು. ಒಪ್ಪಿ, ಒಂದು ಪ್ರಶ್ನೆ ಇಟ್ಟ. "ಎಷ್ಟು ವರ್ಷದವರೆಗೆ ಈ ಕಾರಣ ಹೇಳ್ಬಹುದು ಅಂಕಲ್? 1960? ಸರಿ. 1970? ಆಯ್ತು ಮಾರಾಯ್ರೆ, ಕೊಟ್ಟೆ. 1989ಕ್ಕೂ ಅದೇ ಎಂತಕ್ಕೆ?"

"ಜನ ಓಡಿ ಹೋದ್ರಲ್ಲ. ಡಾಕ್ಟರು, ಎಂಜಿನಿಯರು..."

"ಯಾಕೆ ಓಡಿದ್ರು?"

1961ರಲ್ಲಿ ಬರ್ಲಿನ್ ಗೋಡೆ ಎದ್ದು ನಿಲ್ಲುವ ಹೊತ್ತಿಗೆ ಸುಮಾರು 27 ಲಕ್ಷ ಜನ ಪಶ್ಚಿಮಕ್ಕೆ ಹೋಗಿದ್ದರು. ಅದು ಬಡತನದ ಕಾರಣವೂ ಹೌದು, ಪರಿಣಾಮವೂ ಹೌದು. ಈ ಎರಡನ್ನು ಬಿಡಿಸಲು ಇಬ್ಬರೂ ಬಹಳ ಹೊತ್ತು ಒದ್ದಾಡಿದರು. ನಾನು ಎದ್ದು ಹೋಗಿ ಊರು ಸುತ್ತಿದೆ.

ಕಾರ್ಖಾನೆ ಇನ್ನೂ ನಡೆಯುತ್ತಿದೆ, ಆದರೆ ಬಹಳ ಕಡಿಮೆ ಜನರಲ್ಲಿ. ಒಂದು ಕಾಲಕ್ಕೆ 50,000 ದಾಟಿದ್ದ ಊರಿನ ಜನಸಂಖ್ಯೆ ಈಗ ಅದರ ಅರ್ಧವೂ ಇಲ್ಲ. 2025ರಲ್ಲಿ ಎರಡು ವಾರ ಪುಕ್ಕಟೆ ಇದ್ದು ನೋಡಿ, ಹಿಡಿಸಿದರೆ ಇಲ್ಲೇ ನೆಲೆಸಿ ಅಂತ ಊರಿನವರೇ ಕರೆ ಕೊಟ್ಟಿದ್ದರು. ಮನೆಗಳು ಚೆನ್ನಾಗಿಯೇ ಇವೆ. ಹೊಸದಾಗಿ ಬಣ್ಣ ಬಳಿದಿದ್ದಾರೆ. ಮಧ್ಯಾಹ್ನ ಹನ್ನೆರಡಕ್ಕೆ ಮುಖ್ಯ ಬೀದಿಯಲ್ಲಿ ಒಂದು ಐಸ್‌ಕ್ರೀಂ ಅಂಗಡಿಯ ಮುಂದೆ ಮಾತ್ರ ಜನ ಇದ್ದರು.

ಊಟ ಒಂದು ವಿಯೆಟ್ನಾಂ ಹೋಟೆಲಿನಲ್ಲಿ. ಪೂರ್ವ ಜರ್ಮನಿಯ ಊರುಗಳಲ್ಲಿ ಸಸ್ಯಾಹಾರಿ ಮಾವನನ್ನು ಕಾಪಾಡಿದ್ದು ಇವರೇ, ಟೋಫು ಹಾಕಿದ ನೂಡಲ್ಸ್ ಮತ್ತು ಅದರ ಜೊತೆ ನಮ್ಮ ಚೀಲದ ಶೇಂಗಾ ಚಟ್ನಿ. 1980ರ ದಶಕದಲ್ಲಿ ಒಪ್ಪಂದದ ಮೇಲೆ ಕೆಲಸಕ್ಕೆ ಬಂದ ವಿಯೆಟ್ನಾಮಿಗಳು 1989ರಲ್ಲಿ ಸುಮಾರು 60,000 ಇದ್ದರು. ಅವರಿಗೆ ಹಾಸ್ಟೆಲಿನಲ್ಲಿ ತಲೆಗೆ 5 ಚದರ ಮೀಟರ್ ಜಾಗ. ಹೆಂಗಸರು ಬಸಿರಾದರೆ ಗರ್ಭ ತೆಗೆಸಬೇಕು, ಇಲ್ಲವೇ ಊರಿಗೆ ವಾಪಸ್. ಇದನ್ನು ಕೇಳಿ ಮಾವನಿಗೆ ನಿಜವಾಗಿ ಸಿಟ್ಟು ಬಂತು. "ಕಾರ್ಮಿಕರ ಸರ್ಕಾರ ಅಂತ ಹೆಸರು ಇಟ್ಕೊಂಡು!"

ಮಂಗಳವಾರ, ಗೋರ್ಲಿಟ್ಸ್

ಈ ಊರಿಗೆ ಯುದ್ಧದಲ್ಲಿ ಬಾಂಬ್ ಬೀಳಲಿಲ್ಲ ಅಂದರೂ ನಡೆಯುತ್ತದೆ. ನದಿಯ ಸೇತುವೆಗಳು ಹೋದವು, ಊರು ಉಳಿಯಿತು. ಐದು ನೂರು ವರ್ಷದ ವ್ಯಾಪಾರಿ ಮನೆಗಳು, ಕಮಾನುಗಳು, ಬಣ್ಣದ ಗೋಡೆಗಳು, ಪುಟ್ಟ ಚೌಕಗಳು. ಸಂರಕ್ಷಿತ ಕಟ್ಟಡಗಳೇ ಸುಮಾರು 4,000 ಇವೆ. ನಡೆದಷ್ಟೂ ಮುಗಿಯಲ್ಲ. ನೋಡಲು ಬಂದವರೆಲ್ಲ ಕತ್ತು ನೋಯುವ ತನಕ ಮೇಲೆ ನೋಡುತ್ತಾ ಎಡವುತ್ತಿರುತ್ತಾರೆ.

ಮಾವನ ವಾದಕ್ಕೆ ಇದೇ ಊರು ಕಷ್ಟ ಕೊಟ್ಟಿದ್ದು. ಇಲ್ಲಿ ಹೊಸದಾಗಿ ಏನೂ ಕಟ್ಟಬೇಕಾಗಿರಲಿಲ್ಲ. ಇದ್ದದ್ದನ್ನು ನೋಡಿಕೊಂಡಿದ್ದರೆ ಸಾಕಿತ್ತು. ಆದರೂ 1980ರ ದಶಕದ ಹೊತ್ತಿಗೆ ಹಳೇ ಊರಿನ ಬೀದಿ ಬೀದಿಗಳೇ ಖಾಲಿ ಬಿದ್ದವು. ಸೂರು ಕುಸಿದು ಮೂರನೇ ಮಹಡಿಯಲ್ಲಿ ಗಿಡ ಬೆಳೆದವು. ಹಳೇ ಊರಿನ ಒಂದಷ್ಟು ಭಾಗವನ್ನು ಸ್ಫೋಟಿಸಿ ನೆಲಸಮ ಮಾಡುವ ಸಿದ್ಧತೆ ನಡೆದಿತ್ತು. ಸಿಡಿಮದ್ದು ತುಂಬಲು ಗೋಡೆಗಳಲ್ಲಿ ತೂತು ಕೊರೆದಾಗಿತ್ತು. ಅಷ್ಟರಲ್ಲಿ ಸರ್ಕಾರವೇ ಬಿತ್ತು.

ಇದನ್ನು ಹೇಳಿದ್ದು ಪಶ್ಚಿಮದ ಪತ್ರಿಕೆಗಳು ಮಾತ್ರ ಅಲ್ಲ. ಪೂರ್ವ ಜರ್ಮನಿಯ ಯೋಜನಾ ಆಯೋಗದ ಮುಖ್ಯಸ್ಥ ಗೆರ್ಹಾರ್ಡ್ ಶ್ಯೂರರ್ 1989ರ ಅಕ್ಟೋಬರ್ ಕೊನೆಗೆ ಪಾರ್ಟಿಯ ಮೇಲಿನವರಿಗೆ ಒಂದು ಗುಪ್ತ ವರದಿ ಕೊಟ್ಟರು. ಸಾಲ ಹೆಚ್ಚದಂತೆ ತಡೆಯಬೇಕಾದರೂ ಜನರ ಜೀವನಮಟ್ಟವನ್ನು ಶೇ. 25ರಿಂದ 30 ಇಳಿಸಬೇಕಾಗುತ್ತದೆ ಅಂತ ಬರೆದಿದ್ದು ಅದರಲ್ಲೇ. ಅದೇ ವರದಿಯಲ್ಲಿ ಮನೆಗಳ ಮಾತೂ ಇದೆ. ಹೊಸದು ಕಟ್ಟುವುದಕ್ಕೇ ಎಲ್ಲ ಬಲ ಹಾಕಿ ಹಳೆಯದರ ರಿಪೇರಿ ಬಿಟ್ಟಿದ್ದರಿಂದ ಲೈಪ್‌ಜಿಗ್‌ನಲ್ಲಿ, ಗೋರ್ಲಿಟ್ಸ್‌ನಂಥ ಮಧ್ಯಮ ಊರುಗಳಲ್ಲಿ ಸಾವಿರಾರು ಮನೆಗಳು ವಾಸಕ್ಕೆ ಯೋಗ್ಯವಾಗಿ ಉಳಿದಿಲ್ಲ ಅಂತ. ಯೋಜನೆ ಹಾಕಿದವರ ಕೈಬರಹವೇ ಇದು. ಇನ್ನೇನು ಸಾಕ್ಷಿ ಬೇಕು?

ಹೊಸದಕ್ಕೇ ಯಾಕೆ ಅಷ್ಟು ಬಲ? ಅದಕ್ಕೆ 1973ಕ್ಕೆ ಹೋಗಬೇಕು. 1990ರ ಒಳಗೆ ದೇಶದ ಮನೆಯ ಸಮಸ್ಯೆ ಮುಗಿಸುತ್ತೇವೆ, ಸುಮಾರು 30 ಲಕ್ಷ ಮನೆ ಕಟ್ಟುತ್ತೇವೆ ಇಲ್ಲವೇ ಸರಿಪಡಿಸುತ್ತೇವೆ ಅಂತ ಹೋನೆಕರ್ ಕಾಲದ ಪಾರ್ಟಿ ಮಾತು ಕೊಟ್ಟಿತು. ಆಗ ಅದು ಸುಮ್ನೆ ಆಡಿದ ಮಾತಲ್ಲ. 1971ರಲ್ಲಿ ದೇಶದ ಹತ್ತು ಮನೆಯಲ್ಲಿ ನಾಲ್ಕಕ್ಕೆ ಮಾತ್ರ ಸ್ನಾನದ ವ್ಯವಸ್ಥೆ ಇತ್ತು. 1989ರ ಹೊತ್ತಿಗೆ ಅದು ಎಂಟಕ್ಕೆ ಏರಿತು. ಸಣ್ಣ ಸಾಧನೆ ಅಲ್ಲ. ಆದರೆ ಗುರಿ ಅಂದ ಮೇಲೆ ಎಣಿಕೆ ಬೇಕು. ಹೊಸ ಫ್ಲಾಟ್ ಒಂದು, ಎರಡು, ಮೂರು ಅಂತ ಎಣಿಸಬಹುದು. ಸರಿ ಮಾಡಿದ ಹೆಂಚನ್ನು ಯಾರು ಎಣಿಸುತ್ತಾರೆ? ಆಶ್ರಯ ಮನೆಗಳ ಫೈಲು ನೋಡಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1988ರ ಅಕ್ಟೋಬರ್‌ನಲ್ಲಿ ಹೋನೆಕರ್ ಬರ್ಲಿನ್‌ನಲ್ಲಿ 30 ಲಕ್ಷದ ಮನೆಯ ಬೀಗದ ಕೈ ಕೊಟ್ಟರು, ಫೋಟೋ ಬಂತು. ಹೊಸದಾಗಿ ಕಟ್ಟಿದ್ದು ನಿಜಕ್ಕೂ 20 ಲಕ್ಷಕ್ಕಿಂತ ಕಡಿಮೆ ಅಂತ ಆಮೇಲೆ ಲೆಕ್ಕ ಹಾಕಿದವರು ಹೇಳಿದರು.

ಈಗಿನ ಗೋರ್ಲಿಟ್ಸ್ ಹೊಳೆಯುವುದಕ್ಕೆ ಸರ್ಕಾರದ ದುಡ್ಡಿನ ಜೊತೆ ಒಂದು ವಿಚಿತ್ರ ಕಾರಣವೂ ಇದೆ. 1995ರಿಂದ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರತಿ ವರ್ಷ ಯಾರೋ ಒಬ್ಬರು ಈ ಊರಿನ ಖಾತೆಗೆ 10 ಲಕ್ಷ ಮಾರ್ಕ್, ಯೂರೋ ಬಂದ ಮೇಲೆ 5,11,500 ಯೂರೋ ಹಾಕುತ್ತಿದ್ದರು. ಹೆಸರು ಹುಡುಕಬಾರದು ಅನ್ನುವುದೇ ಷರತ್ತು. ಗೆಳೆಯ ಇದನ್ನು ಬಂಡವಾಳಶಾಹಿಯ ಖಾತೆಗೆ ಬರೆದುಕೊಂಡ. ಮಾವ ದಾನದ ಖಾತೆಗೆ. "ದಾನಕ್ಕ ಪಕ್ಷ ಇರೂದಿಲ್ಲ ತಮ್ಮಾ."

ಸಂಜೆ ಗಡಿಯ ನದಿಯ ಕಾಲು ಸೇತುವೆ ದಾಟಿ ಪೋಲೆಂಡಿಗೆ ಹೋಗಿ ಕಾಫಿ ಕುಡಿದು ಬಂದೆವು. ಪಾಸ್‌ಪೋರ್ಟ್ ಕೇಳುವವರಿರಲಿಲ್ಲ. ಮಾವ ಮನೆಗೆ ವಿಡಿಯೋ ಕಾಲ್ ಮಾಡಿ "ಈಗ ನಾನು ಪೋಲೆಂಡಿನ್ಯಾಗದೀನಿ" ಅಂತ ಎಲ್ಲರಿಗೂ ಹೇಳಿದರು.

ಬುಧವಾರ, ದಾರಿಯಲ್ಲಿ

ಮಳೆ. ಬೌಟ್ಸೆನ್‌ನಲ್ಲಿ ನಿಂತೆವು. ಅಲ್ಲಿ ರಹಸ್ಯ ಪೊಲೀಸ್ ಸ್ಟಾಸಿಯವರ ಹಿಡಿತದಲ್ಲಿದ್ದ ಜೈಲು ಈಗ ಸ್ಮಾರಕ. ಕೈದಿಗಳ ಪಟ್ಟಿಯಲ್ಲಿ ರುಡಾಲ್ಫ್ ಬಾರೋ ಹೆಸರಿತ್ತು. ಅವರು ಪಾರ್ಟಿಯವರೇ, ಕಾರ್ಖಾನೆಯಲ್ಲಿ ದುಡಿದವರು. ಈ ವ್ಯವಸ್ಥೆ ಸಮಾಜವಾದವೇ ಅಲ್ಲ, ಅಧಿಕಾರಿಗಳ ಆಳ್ವಿಕೆ ಅಂತ ಒಳಗಿನಿಂದಲೇ ಟೀಕಿಸಿ ಪುಸ್ತಕ ಬರೆದರು. 1977ರಲ್ಲಿ ಅದು ಪಶ್ಚಿಮದಲ್ಲಿ ಅಚ್ಚಾಯಿತು. 1978ರಲ್ಲಿ ಎಂಟು ವರ್ಷದ ಶಿಕ್ಷೆ ಆಯಿತು, ಮರುವರ್ಷ ಬಿಟ್ಟು ಪಶ್ಚಿಮಕ್ಕೆ ಕಳಿಸಿದರು. ಮಾವ ಆ ಫಲಕವನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. ಅಲ್ಲಿಂದ ಡ್ರೆಸ್ಡೆನ್ ಬದಿಯಲ್ಲಿ ಹಾದು ರಾತ್ರಿ ಲೈಪ್‌ಜಿಗ್.

ಗುರುವಾರ, ಲೈಪ್‌ಜಿಗ್

ಗೆಳೆಯ ಇರುವುದು 1900ರ ಆಸುಪಾಸಿನ ಹಳೇ ಕಟ್ಟಡದಲ್ಲಿ. ಎತ್ತರದ ಚಾವಣಿ, ಗಾರೆಯ ಹೂಬಳ್ಳಿ, ಮರದ ನೆಲ. ಎದುರು ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಇದೇ ಬೀದಿಯಲ್ಲಿ ಹುಟ್ಟಿದವರು. ಬೆಳಿಗ್ಗೆ ಕಾಫಿಗೆ ಕರೆದರು. ನಾನು ಅನುವಾದಕ. ಇಡೀ ವಾರದಲ್ಲಿ ನಾವು ಕಲಿತದ್ದು ಹೆಚ್ಚಾಗಿ ಈ ಅಡುಗೆಮನೆಯಲ್ಲೇ.

ಮನೆ ಹೇಗೆ ಸಾಯುತ್ತದೆ ಅಂತ ಅಜ್ಜಿ ಬಿಡಿಸಿ ಹೇಳಿದರು. ಮೊದಲು ಹತ್ತು ಹೆಂಚು ಜಾರುತ್ತವೆ. ಸರ್ಕಾರಿ ಮನೆ ಆಡಳಿತದ ಕಚೇರಿಗೆ ಅರ್ಜಿ ಕೊಡುತ್ತೀರಿ. ಹೆಂಚು ಇದ್ದರೆ ಹೊದಿಸುವವನಿಲ್ಲ, ಹೊದಿಸುವವನು ಸಿಕ್ಕರೆ ಹೆಂಚಿಲ್ಲ. ಅಟ್ಟದಲ್ಲಿ ಬಕೆಟ್, ತಗಡಿನ ತೊಟ್ಟಿ, ಹಳೇ ಪಾತ್ರೆ ಇಡುತ್ತೀರಿ. ಒಂದು ಚಳಿಗಾಲ, ಎರಡು ಚಳಿಗಾಲ. ಮೇಲಿನ ಮಹಡಿಯವರು ಬಿಟ್ಟು ಹೋಗುತ್ತಾರೆ. ಈಗ ಬಕೆಟ್ ಚೆಲ್ಲುವವರೇ ಇಲ್ಲ. ನೀರು ಒಂದು ಮಹಡಿ ಕೆಳಗೆ ಬರುತ್ತದೆ. ಆಮೇಲೆ ಅವರೂ ಹೋಗುತ್ತಾರೆ. ಕೊನೆಗೆ ನೆಲಮಹಡಿಯಲ್ಲಿ ಒಬ್ಬರು ಮಾತ್ರ. ಶೌಚಾಲಯ ಮೆಟ್ಟಿಲಿನ ತಿರುವಿನಲ್ಲಿ, ಎರಡು ಸಂಸಾರಕ್ಕೆ ಒಂದು. ಕಲ್ಲಿದ್ದಲನ್ನು ನೆಲಮಾಳಿಗೆಯಿಂದ ಹೊತ್ತು ತರಬೇಕು. ಕಿಟಕಿಗೆ ಬಟ್ಟೆ ಒಣಹಾಕಿದರೆ ಮಸಿ.

"ಇಷ್ಟು ಮನಿ ಖಾಲಿ ಇದ್ವು ಅಂದ್ರ ಮನಿಗೆ ಪಾಳಿ ಯಾಕಿತ್ತು?" ಮಾವ ಕೇಳಿದರು.

ಅಜ್ಜಿ ನಕ್ಕರು. ಅದೇ ತಮಾಷೆ ಅಂದರು. ಖಾಲಿ ಮನೆ ವಾಸಕ್ಕೆ ಯೋಗ್ಯವಲ್ಲ ಅಂತ ಬೀಗ. ವಾಸಯೋಗ್ಯ ಮನೆಗೆ ವರ್ಷಗಟ್ಟಲೆ ಪಾಳಿ. ಮದುವೆಯಾದರೆ, ಮಗುವಾದರೆ ಪಾಳಿಯಲ್ಲಿ ಮುಂದೆ. ಹಾಗಾಗಿ ಇಪ್ಪತ್ತಕ್ಕೆಲ್ಲ ಮದುವೆ. ಧೈರ್ಯ ಇದ್ದ ಹುಡುಗರು ಮಾತ್ರ ಬೀಗ ಒಡೆದು ಖಾಲಿ ಮನೆಗೆ ನುಗ್ಗಿ, ತಾವೇ ಗಾಜು ಹಾಕಿಸಿ, ಕಚೇರಿಗೆ ಬಾಡಿಗೆ ಕಟ್ಟುತ್ತಾ ಇದ್ದುಬಿಡುತ್ತಿದ್ದರು. ಕಚೇರಿಯೂ ಎಷ್ಟೋ ಸಲ ದುಡ್ಡು ತಗೊಂಡು ಸುಮ್ಮನಿರುತ್ತಿತ್ತು.

ಹೆಂಚು ಹೊದಿಸುವವರೆಲ್ಲ ಎಲ್ಲಿ ಹೋದರು ಅನ್ನುವುದಕ್ಕೂ ಉತ್ತರ ಇತ್ತು. ಬರ್ಲಿನ್‌ಗೆ. ರಾಜಧಾನಿ ಚೆಂದ ಕಾಣಬೇಕಿತ್ತು. 1987ರಲ್ಲಿ ಬರ್ಲಿನ್‌ಗೆ 750 ವರ್ಷದ ಉತ್ಸವ ಬೇರೆ. ಲೈಪ್‌ಜಿಗ್ ಇರುವ ಸ್ಯಾಕ್ಸನಿ ಸೀಮೆಯ ಗಾರೆಯವರು, ಬಡಗಿಗಳು, ಸಿಮೆಂಟು ಎಲ್ಲ ಅತ್ತ ಸಾಗಿದವು. ಲೈಪ್‌ಜಿಗ್‌ನವರಿಗೆ ಬರ್ಲಿನ್ ಮೇಲೆ ಇರುವ ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ. ಅಜ್ಜಿಯ ಮುಖದಲ್ಲೇ ಕಾಣುತ್ತಿತ್ತು.

ಇನ್ನು ಬಾಡಿಗೆ. ಇಲ್ಲಿ ಗೆಳೆಯ ತನ್ನ ತುರುಪು ಬಿಟ್ಟ. ಹಳೇ ಮನೆಗಳ ಬಾಡಿಗೆ ಚದರ ಮೀಟರಿಗೆ 1 ಮಾರ್ಕ್ ಆಸುಪಾಸು. ಈ ದರ ನಿಂತಿದ್ದು 1936ರಲ್ಲಿ. ಅಂದರೆ ನಿಲ್ಲಿಸಿದ್ದು ಕಮ್ಯುನಿಸ್ಟರಲ್ಲ, ಹಿಟ್ಲರನ ಸರ್ಕಾರ. ಪಶ್ಚಿಮದಲ್ಲಿ 1960ರಿಂದ ಹಂತ ಹಂತವಾಗಿ ಸಡಿಲ ಮಾಡಿದರು. ಪೂರ್ವದಲ್ಲಿ ಕೊನೆವರೆಗೂ ಅದೇ. ಅಷ್ಟರಲ್ಲಿ ರಿಪೇರಿ ಇರಲಿ, ಚಿಮಣಿ ಗುಡಿಸುವುದಕ್ಕೂ ಸಾಲುತ್ತಿರಲಿಲ್ಲ. ಎಷ್ಟೋ ಹಳೇ ಮನೆಗಳು ಖಾಸಗಿಯವರ ಹೆಸರಲ್ಲೇ ಇದ್ದವು. ಅವರಲ್ಲಿ ಅನೇಕರು ಕೈ ಮುಗಿದು ಮನೆಯನ್ನು ಸರ್ಕಾರಕ್ಕೆ ಬರೆದುಕೊಟ್ಟರು. ಪುಕ್ಕಟೆ ಕೊಡುತ್ತೇವೆ, ತಗೊಳ್ಳಿ ಅಂತ.

"ಮನೆ ಇದ್ದವನೇ ಮನೆ ಬೇಡ ಅಂದ್ರೆ ಅದಕ್ಕೆ ಎಂತ ಹೇಳ್ತೀರಿ ಅಂಕಲ್?"

ಮಾವ ಸ್ವಲ್ಪ ಹೊತ್ತು ಕೇಕ್ ತಿಂದರು. ಆಮೇಲೆ ಮುಂಬೈ ತೆಗೆದರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾವ ಮುಂಬೈ ಶಾಖೆಯಲ್ಲಿದ್ದರು, ಗಿರಗಾಂವದ ಒಂದು ಚಾಳಿನಲ್ಲಿ, ಉತ್ತರ ಕರ್ನಾಟಕದ ಇನ್ನೂ ನಾಲ್ಕು ಹುಡುಗರ ಜೊತೆ. ಮುಂಬೈಯ 1947ರ ಬಾಡಿಗೆ ಕಾಯ್ದೆ ಹಳೇ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತ್ತು. ಮಾಲೀಕ ರಿಪೇರಿ ನಿಲ್ಲಿಸಿದ. ಗ್ಯಾಲರಿಗೆ ಮರದ ಊರುಗೋಲು, ಸಾಮೂಹಿಕ ಪಾಯಖಾನೆ, ಮಳೆಗಾಲ ಬಂದರೆ ಯಾವ ಚಾಳು ಬಿತ್ತು ಅಂತ ಪೇಪರಿನಲ್ಲಿ ಹುಡುಕುವುದು. ಕೊನೆಗೆ 1969ರಲ್ಲಿ ರಿಪೇರಿಗೆಂದೇ ಮಂಡಳಿ ಮಾಡಿ ಸೆಸ್ ಹಾಕಬೇಕಾಯಿತು. ಆಗಲೂ ಬೀಳುವುದು ನಿಲ್ಲಲಿಲ್ಲ. "ಅಲ್ಲಿ ಯಾವ ಹೋನೆಕರ್ ಇದ್ದ ತಮ್ಮಾ? ಟಾಟಾ ಬಿರ್ಲಾ ಇದ್ದ ಊರು ಅದು."

ಒಳ್ಳೆಯ ಪೆಟ್ಟು. ಗೆಳೆಯ ಅದಕ್ಕೆ, "ಹಾಗಾದ್ರೆ ಬಾಡಿಗೆ ಕಟ್ಟಿಹಾಕಿದ್ದೇ ತಪ್ಪು ಅಂತ ನೀವೂ ಒಪ್ಪಿದ ಹಾಗಾಯ್ತಲ್ಲ" ಅಂದ. ಮಾವ, "ಕಟ್ಟಿಹಾಕಿದ್ದು ತಪ್ಪಲ್ಲ, ರಿಪೇರಿಗೆ ಬ್ಯಾರೆ ಕಡೆಯಿಂದ ರೊಕ್ಕ ತರದಿದ್ದದ್ದು ತಪ್ಪು" ಅಂದರು. ಅಜ್ಜಿಗೆ ಅನುವಾದ ಮಾಡಿ ಹೇಳಿದೆ. ಬಾಡಿಗೆ ಮೂರು ಪಟ್ಟು ಮಾಡಿದ್ದರೂ ನಾನು ಕೊಡುತ್ತಿದ್ದೆ, ಆದರೆ ಹೆಂಚು ಬರುತ್ತಿರಲಿಲ್ಲವಲ್ಲ ಅಂದರು ಆಕೆ. ಇದು ಇಬ್ಬರ ವಾದಕ್ಕೂ ಸರಿ ಕೂರದ ಮಾತು. ನನಗೆ ಇದೇ ಎಲ್ಲಕ್ಕಿಂತ ಸರಿ ಅನ್ನಿಸಿತು. ಆ ದೇಶದಲ್ಲಿ ದುಡ್ಡಿಗೆ ಸರಕು ಎಳೆದು ತರುವ ಶಕ್ತಿ ಇರಲಿಲ್ಲ. ಸರಕು ಎಲ್ಲಿ ಹೋಗಬೇಕು ಅಂತ ಹೇಳುತ್ತಿದ್ದುದು ಬರ್ಲಿನ್‌ನ ಯೋಜನೆಯ ಕಾಗದ, ಮತ್ತು ಆ ಕಾಗದದಲ್ಲಿ ಈ ಬೀದಿಯ ಅಟ್ಟ ಇರಲಿಲ್ಲ.

ಮುಂಬೈಗೂ ಇಲ್ಲಿಗೂ ಒಂದು ಫರಕು ಮಾತ್ರ ನನಗೆ ದೊಡ್ಡದಾಗಿ ಕಾಣುತ್ತದೆ. ಚಾಳು ಬಿದ್ದರೆ ಮರುದಿನ ಪೇಪರಿನಲ್ಲಿ ಬರುತ್ತಿತ್ತು, ಶಾಸಕನ ಮನೆ ಮುಂದೆ ಗಲಾಟೆ ಆಗುತ್ತಿತ್ತು, ಮಾವನಂಥವರು ಮೋರ್ಚಾ ತೆಗೆಯುತ್ತಿದ್ದರು. ಲೈಪ್‌ಜಿಗ್‌ನ ಕುಸಿದ ಬೀದಿಗಳನ್ನು ಆ ದೇಶದ ಸ್ವಂತ ಟಿವಿ ಕಣ್ಣಿಗೆ ಹೊಡೆಯುವಂತೆ ತೋರಿಸಿದ್ದು 1989ರ ನವೆಂಬರ್ 6ರಂದು. ಲೈಪ್‌ಜಿಗ್ ಉಳಿಸಲು ಇನ್ನೂ ಸಾಧ್ಯವೇ ಅಂತ ಆ ಕಾರ್ಯಕ್ರಮ ಕೇಳಿತು. ಮೂರು ದಿನಕ್ಕೆ ಗೋಡೆ ಬಿತ್ತು. ಯುದ್ಧದ ದಂಡದಿಂದ ಬಡತನ ಶುರುವಾಯಿತು ಅನ್ನುವುದನ್ನು ನಾನು ಮಾವನಿಂದ ಒಪ್ಪುತ್ತೇನೆ. ನಲವತ್ತು ವರ್ಷ ಅದು ಹಾಗೇ ಉಳಿದದ್ದಕ್ಕೆ ಸೋರುತ್ತಿದೆ ಅಂತ ಕೂಗಲು ಜಾಗ ಇಲ್ಲದಿದ್ದದ್ದೇ ಮುಖ್ಯ ಕಾರಣ ಅಂತ ನನಗನ್ನಿಸುತ್ತದೆ. ಗೆಳೆಯನ ಬೆಲೆಯ ಲೆಕ್ಕ ಎರಡನೆಯದು.

ಮಧ್ಯಾಹ್ನ ನಿಕೊಲಾಯ್ ಚರ್ಚ್ ನೋಡಿದೆವು. 1989 ಅಕ್ಟೋಬರ್ 9ರಂದು ಸುಮಾರು 70,000 ಜನ ಇಲ್ಲಿಂದ ಮೆರವಣಿಗೆ ಹೊರಟರು, ಗುಂಡು ಹಾರಲಿಲ್ಲ. ಅವರ ಕೂಗಿನಲ್ಲಿ ಸ್ವಾತಂತ್ರ್ಯವೇ ಮುಂದೆ. ಆದರೆ ಅಜ್ಜಿಯೂ ಆ ಗುಂಪಿನಲ್ಲಿದ್ದರಂತೆ, ಮತ್ತು ಅವರ ತಲೆಯಲ್ಲಿ ಬಕೆಟ್ ಕೂಡ ಇತ್ತಂತೆ.

ಶುಕ್ರವಾರ, ಹಾಲೆ-ನಾಯ್‌ಸ್ಟಾಟ್

ಕೊನೆಯ ನಿಲ್ದಾಣ. 1964ರಲ್ಲಿ ಬೂನಾ, ಲೊಯ್ನಾ ರಾಸಾಯನಿಕ ಕಾರ್ಖಾನೆಗಳ ಕೆಲಸಗಾರರಿಗೆ ಅಡಿಗಲ್ಲು ಹಾಕಿದ ಊರು. 90,000ದಷ್ಟು ಜನ ಇದ್ದರು. ಬೀದಿಗಳಿಗೆ ಹೆಸರಿರಲಿಲ್ಲ, ಕಟ್ಟಡಗಳಿಗೆ ನಂಬರ್ ಮಾತ್ರ. ಹೊಸ ಪೋಸ್ಟ್‌ಮ್ಯಾನ್ ಅಳುತ್ತಿದ್ದಿರಬೇಕು. ನದಿಯ ಆಚೆ ಹಳೇ ಹಾಲೆಗೆ ಬಾಂಬ್‌ನಿಂದ ಹೆಚ್ಚು ಹಾನಿ ಆಗಿರಲಿಲ್ಲ. ಅದು ಗೋರ್ಲಿಟ್ಸ್ ದಾರಿ ಹಿಡಿಯಿತು. ನದಿಯ ಈಚೆ ಕಾಂಕ್ರೀಟ್ ಏರುತ್ತಲೇ ಹೋಯಿತು.

ಈಗ ನಡುವೆ ನಡುವೆ ಹುಲ್ಲಿನ ಖಾಲಿ ಜಾಗಗಳು. ಅಲ್ಲಿದ್ದ ಕಟ್ಟಡಗಳನ್ನು ಕೆಡವಿದ್ದಾರೆ. 1990ರ ನಂತರ ಕಾರ್ಖಾನೆಗಳು ಮುಚ್ಚಿ ಜನ ಪಶ್ಚಿಮಕ್ಕೆ ಹೋದರು, ಮನೆಗಳು ಖಾಲಿ ಬಿದ್ದವು. 2002ರಿಂದ ಸರ್ಕಾರವೇ ದುಡ್ಡು ಕೊಟ್ಟು ಪೂರ್ವದಲ್ಲೆಲ್ಲ ಮನೆ ಕೆಡವಿಸಿತು. 3 ಲಕ್ಷಕ್ಕೂ ಜಾಸ್ತಿ ಮನೆಗಳು ಹೋದವು.

ಮಾವ ಇದಕ್ಕೇ ಕಾಯುತ್ತಿದ್ದಂತೆ ತಿರುಗಿದರು. "ಬರ್ಲಿನ್‌ನ್ಯಾಗ ಮನಿ ನೋಡಾಕ ಜನ ಬೀದಿವರೆಗೂ ನಿಂತಾರ. ಇಲ್ಲೆ ರೊಕ್ಕ ಕೊಟ್ಟು ಕೆಡವ್ಯಾರ. ಇದು ಯಾರ ಯೋಜನಾ ತಮ್ಮಾ?"

"ಕೆಲಸ ಇಲ್ಲದ ಕಡೆ ಮನೆ ಇಟ್ಕೊಂಡು ಎಂತ ಮಾಡ್ಲಿಕ್ಕೆ ಅಂಕಲ್?"

"ಕೆಲಸ ತರಬೇಕಿತ್ತು."

"ಸರ್ಕಾರ ತರ್ಬೇಕಾ?"

ಮತ್ತೆ ಅಲ್ಲಿಗೇ. ಹೆದ್ದಾರಿ ಹತ್ತುವ ತನಕ ಇದೇ ನಡೆಯಿತು. ನಾನು ಮಧ್ಯೆ ಬಾಯಿ ಹಾಕಿ ವಿಯೆನ್ನಾ ಹೆಸರು ತೆಗೆದೆ. ಅಲ್ಲಿಯ ಸೋಷಿಯಲ್ ಡೆಮಾಕ್ರಟ್ ನಗರಸಭೆ 1923ರಲ್ಲಿ ಮನೆ ತೆರಿಗೆ ಹಾಕಿತು, ದೊಡ್ಡ ಮನೆಗಳಿಗೆ ಜಾಸ್ತಿ, ಸಣ್ಣದಕ್ಕೆ ಕಡಿಮೆ. ಆ ದುಡ್ಡಲ್ಲಿ ಕಾರ್ಮಿಕರಿಗೆ ಮನೆ ಕಟ್ಟಿತು. 1930ರಲ್ಲಿ ಉದ್ಘಾಟನೆಯಾದ ಕಾರ್ಲ್-ಮಾರ್ಕ್ಸ್-ಹೋಫ್ ಒಂದರಲ್ಲೇ 1,300ಕ್ಕೂ ಹೆಚ್ಚು ಮನೆಗಳು, ಒಂದು ಕಿಲೋಮೀಟರಿಗೂ ಉದ್ದ. ಇವತ್ತಿಗೂ ಜನ ಇದ್ದಾರೆ, ಬಾಡಿಗೆ ಕೈಗೆಟುಕುತ್ತದೆ, ರಿಪೇರಿಯೂ ಆಗುತ್ತದೆ.

"ಕೇಳಿದೇನು?" ಮಾವ ಮುಂದಿನ ಸೀಟಿನಲ್ಲಿ ಎದ್ದು ಕೂತರು.

"ಅದು ಕಮ್ಯುನಿಸಂ ಅಲ್ಲ ಅಂಕಲ್. ಅಲ್ಲಿ ಚುನಾವಣೆ ಇತ್ತು. ತೆರಿಗೆ ಹಾಕಿದ್ರು, ಲೆಕ್ಕ ಇಟ್ರು."

"ನಾನೂ ಅದನ್ನ ಹೇಳಾಕತ್ತೀನಿ. ಇಲ್ಲಿಂದ ಎಷ್ಟು ದೂರ ಆಗ್ತದ ನೋಡ್ರಿ ಅಳಿಯಾಂದ್ರ."

ಮ್ಯಾಪ್ ತೆಗೆದೆ. ಆರು ಗಂಟೆ ತೋರಿಸಿತು. ಗೆಳೆಯ ಸೋಮವಾರ ಆಫೀಸಿದೆ ಅಂದ.